ಭಯಾನಕ ರಸವೂ ನಮ್ಮ ಬೆಳ್ಳಿತೆರೆಯೂ

ಹಣ ಕೊಟ್ಟು ಹೆದರಿಕೆಯನ್ನು ಕೊಂಡುಕೊಳ್ಳುವ ಪ್ರಾಣಿ ಮನುಷ್ಯನೊಬ್ಬನೇ. ಹುಲಿಯ ಗರ್ಜನೆಯನ್ನು ಕೇಳಲೆಂದು ಯಾವ ಜಿಂಕೆಯೂ ಸಾಲಿನಲ್ಲಿ ನಿಂತು ಟಿಕೆಟ್ಟು ಪಡೆಯುವುದಿಲ್ಲ. ನಾವು ಪಡೆಯುತ್ತೇವೆ, ಕತ್ತಲೆಯಲ್ಲಿ ಎರಡೂವರೆ ಗಂಟೆ ಕುರ್ಚಿಯ ಕೈಗಳನ್ನು ಬಿಗಿಹಿಡಿದು ಕೂಡುತ್ತೇವೆ, ಹೊರಗೆ ಬಂದು ಚಹಾ ಕುಡಿಯುತ್ತ, 'ಅಂಥ ಹೆದರಿಕೆಯೇನೂ ಆಗಲಿಲ್ಲ ಬಿಡಿ' ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುತ್ತೇವೆ. ಈ ವಿಚಿತ್ರ ವ್ಯಾಪಾರದಲ್ಲಿ ನಮಗೆ ಬಂದ ಲಾಭವೇನು, ಆದ ನಷ್ಟವೇನು ಎಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರಿಗೆ ದೆವ್ವದ ಚಿತ್ರಗಳ ಗೊಡವೆ ಏಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಕಾರಣ ಸರಳವಾದದ್ದು. ಹೊಸಪೇಟೆಯ ನಮ್ಮ ತರಗತಿಯಲ್ಲಿ ರಸಪ್ರಕರಣವನ್ನು ವಿವರಿಸುವಾಗ ಶೃಂಗಾರಕ್ಕೂ ವೀರಕ್ಕೂ ಕರುಣಕ್ಕೂ ನಾನು ಕಾವ್ಯಗಳಿಂದ ಉದಾಹರಣೆ ಕೊಡುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಭಯಾನಕದ ಸರದಿ ಬಂತೆಂದರೆ ಕೆಲಸ ಅದಲುಬದಲಾಗುತ್ತದೆ. ಸಂಡೂರಿನಿಂದಲೂ ಕಂಪ್ಲಿಯಿಂದಲೂ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರು ತಾವೇ ಉದಾಹರಣೆಗಳನ್ನು ಕೊಡತೊಡಗುತ್ತಾರೆ, ಅವೆಲ್ಲವೂ ಸಿನಿಮಾದವು. ಯಾವುದು ಎಲ್ಲಕ್ಕಿಂತ ಭಯಂಕರವಾದ ಚಿತ್ರ ಎಂಬ ಬಗ್ಗೆ ಅಲ್ಲಿ ನಡೆಯುವ ವಾಗ್ವಾದ ಪಂಪ ದೊಡ್ಡವನೋ ರನ್ನ ದೊಡ್ಡವನೋ ಎಂಬ ವಾದಕ್ಕಿಂತ ಬಿಸಿಯಾಗಿರುತ್ತದೆ. ಆ ವಾದದಲ್ಲಿ ನನ್ನ ಪಾಲಿನ ಮಾತು ಈ ಲೇಖನ.

ಮೊದಲು ಶಾಸ್ತ್ರಕ್ಕೆ ಒಂದು ನಮಸ್ಕಾರ. ಭರತನು ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ಬಣ್ಣ ಕಪ್ಪು, ಅಧಿದೇವತೆ ಕಾಲ. ಅದು ಯಾವುದರಿಂದ ಹುಟ್ಟುತ್ತದೆ ಎಂಬುದಕ್ಕೆ ಅವನು ಕೊಡುವ ಪಟ್ಟಿ ಕುತೂಹಲಕರವಾಗಿದೆ: ವಿಕಾರವಾದ ಧ್ವನಿ, ಪಿಶಾಚಾದಿಗಳ ದರ್ಶನ, ನರಿ ಗೂಗೆಗಳ ಕೂಗು, ಪಾಳುಮನೆ, ಅಡವಿ. ಪಟ್ಟಿಯ ಮೊದಲಲ್ಲಿಯೇ ಧ್ವನಿಯಿರುವುದನ್ನು ಗಮನಿಸಬೇಕು. ಕಣ್ಣಿಗಿಂತ ಕಿವಿ ಬೇಗ ಹೆದರುತ್ತದೆ ಎಂಬುದು ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯ ದೊಡ್ಡಾಟದಲ್ಲಿ ರಕ್ಕಸನ ಪಾತ್ರ ಪರದೆಯ ಹಿಂದೆ ಅಬ್ಬರಿಸಿದ ಮೇಲೆಯೇ ರಂಗಕ್ಕೆ ಬರುವುದು. ಆಟದ ಮುಂದೆ ಚಾಪೆ ಹಾಸಿ ಕುಳಿತ ಮಕ್ಕಳು ಅಳುವುದು ಪರದೆ ಸರಿದಾಗ ಅಲ್ಲ, ಸರಿಯುವ ಮೊದಲು.

ಕನ್ನಡ ಕವಿಗಳು ಈ ರಸವನ್ನು ಕಡೆಗಣಿಸಿದವರಲ್ಲ. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವ ದುರ್ಯೋಧನನನ್ನು ಮರುಳೊಂದು ಹಂಗಿಸುತ್ತದೆ. ಜನ್ನನ 'ಯಶೋಧರ ಚರಿತೆ' ತೆರೆದುಕೊಳ್ಳುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆಂದು ತಂದ ಇಬ್ಬರು ಎಳೆಯರ ಎದುರಿನಲ್ಲಿ. ನಮ್ಮ ಹಂಪೆಯವನೇ ಆದ ರಾಘವಾಂಕ 'ಹರಿಶ್ಚಂದ್ರ ಕಾವ್ಯ'ದಲ್ಲಿ ಕಾಶಿಯ ಸುಡುಗಾಡನ್ನು ಕಟ್ಟಿಕೊಟ್ಟ ಬಗೆಯಂತೂ ಮೈ ನಡುಗಿಸುವಂಥದು. ನಡುರಾತ್ರಿ ತಾಯಿಯೊಬ್ಬಳು ಸತ್ತ ಮಗನನ್ನು ಹೊತ್ತು ಬಂದಿದ್ದಾಳೆ. ಸುಡುಗಾಡು ಕಾಯುವವನು ಹೆಣದ ತೆರಿಗೆ ಕೇಳುತ್ತಾನೆ. ಕೇಳುವವನು ಗಂಡ, ಅಳುವವಳು ಹೆಂಡತಿ, ಮಲಗಿರುವುದು ಇಬ್ಬರ ಮಗು. ಒಬ್ಬರಿಗೊಬ್ಬರು ಗುರುತು ಹತ್ತದು. ಇಲ್ಲಿ ಭಯ ಹುಟ್ಟುವುದು ಭೂತಗಳಿಂದಲ್ಲ. ಲೋಕದಲ್ಲಿ ಯಾರು ತನ್ನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲನೋ ಅವನೇ ಅಪರಿಚಿತನಂತೆ ಎದುರು ನಿಂತು ತೆರಿಗೆ ಕೇಳುವುದರಿಂದ. ೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ರಾಜಕುಮಾರರಿಂದ ಅಭಿನಯಿಸಿ ತೆಗೆದ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಈ ಪ್ರಸಂಗವನ್ನು ನೋಡಿದವರು ಕಣ್ಣೀರಿಟ್ಟದ್ದು ನಿಜ. ಆ ಕಣ್ಣೀರಿನ ಕೆಳಗೆ ಒಂದು ನಡುಕವೂ ಇತ್ತೆಂದು ನನ್ನ ನಂಬಿಕೆ.

ಸ್ಥಳಕ್ಕೂ ಇದೇ ಮಾತು ಸಲ್ಲುತ್ತದೆ. ೧೫೬೫ರ ಯುದ್ಧವಾದ ಎರಡು ವರ್ಷಗಳ ಅನಂತರ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಖಾಲಿಯಾಗಿವೆ, ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ವಾಸವಾಗಿವೆಯೆಂದು ಹೇಳುತ್ತಾರೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಎರಡು ಸಾಲಿನ ಮಾತು. ಮನೆ ಬಿದ್ದಿದ್ದರೆ ದುಃಖವಾಗುತ್ತಿತ್ತು. ಮನೆ ನಿಂತಿದೆ, ಬಾಗಿಲಿದೆ, ಒಳಗೆ ಬೇರೆ ಯಾರೋ ಇದ್ದಾರೆ ಎಂದಾಗ ಭಯವಾಗುತ್ತದೆ. ಹಂಪೆಯ ಕಲ್ಲುಗಳ ನಡುವೆ ಹಾಡು ಕುಣಿತಗಳನ್ನು ಚಿತ್ರೀಕರಿಸಿದ ನಮ್ಮವರು ಈ ಎರಡು ಸಾಲುಗಳನ್ನು ಓದಿದ್ದರೆ ಬೇರೆಯೇ ಚಿತ್ರವನ್ನು ತೆಗೆಯುತ್ತಿದ್ದರೋ ಏನೋ!

ನನ್ನ ಅಳತೆಗೋಲು ಇದರಿಂದ ಸ್ಪಷ್ಟವಾಗುತ್ತದೆ. ಹೊರಗಿನಿಂದ ಬರುವ ವಿಕಾರರೂಪ ಒಂದು ಕ್ಷಣ ಹೆದರಿಸೀತು. ನಿಜವಾದ ಭಯ ಹುಟ್ಟುವುದು ನಮ್ಮದೆಂದುಕೊಂಡದ್ದು ನಮ್ಮದಲ್ಲವೆಂದು ತೋರಿದಾಗ. ಕನ್ನಡದಲ್ಲಿ ಇದಕ್ಕೆ ತಕ್ಕ ಮೂರು ಮಾತುಗಳಿವೆ: ಬೆಚ್ಚುವುದು, ಕಾತರಿಸುವುದು, ಹೆದರುವುದು. ಈಚೆಗೆ ಬರುವ ಅನೇಕ ದೆವ್ವದ ಚಿತ್ರಗಳು ಮೊದಲನೆಯದರಲ್ಲಿಯೇ ತೃಪ್ತವಾಗಿವೆ. ಕದ ದಡಕ್ಕನೆ ಬಡಿಯುತ್ತದೆ, ವಾದ್ಯಗಳು ಒಮ್ಮೆಲೇ ಕಿರುಚುತ್ತವೆ, ಕೂದಲು ಕೆದರಿದ ಮುಖವೊಂದು ತೆರೆಯನ್ನು ತುಂಬುತ್ತದೆ. ನಾವು ಬೆಚ್ಚುತ್ತೇವೆ. ಬೆನ್ನ ಹಿಂದೆ ಬಂದು 'ಬೋ' ಎಂದ ತುಂಟ ಹುಡುಗನಿಗೂ ಅಷ್ಟನ್ನು ಮಾಡಲು ಸಾಧ್ಯ. ಅದಕ್ಕೆ ನಿರ್ದೇಶಕ ಬೇಕಿಲ್ಲ.

ಕಾತರದ ಗುಟ್ಟನ್ನು ಹಿಚ್‌ಕಾಕ್ ಮಹಾಶಯ ಒಂದು ದೃಷ್ಟಾಂತದಿಂದ ತಿಳಿಸಿದ್ದಾನೆ. ಇಬ್ಬರು ಮೇಜಿನ ಮುಂದೆ ಹರಟುತ್ತಿದ್ದಾರೆ; ಕೆಳಗಿದ್ದ ಬಾಂಬು ಥಟ್ಟನೆ ಸಿಡಿದರೆ ಪ್ರೇಕ್ಷಕನಿಗೆ ಕೆಲವು ಕ್ಷಣಗಳ ಆಶ್ಚರ್ಯ. ಬಾಂಬು ಅಲ್ಲಿದೆಯೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು ಹರಟುವವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷಗಳ ತಳಮಳ. ನಮ್ಮ ಭಾಗದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದ ಮೇಲೆ, ತಾತ್ಕಾಲಿಕ ಗೇಟು ಕೂಡುವವರೆಗೆ ಸುಮಾರು ಒಂದು ವಾರ ಕಾಲ ಹೊಳೆಯ ದಂಡೆಯ ಕಂಪ್ಲಿಯವರಿಗೆ ಕಣ್ಣಿಗೆ ನಿದ್ದೆ ಹತ್ತಿದ್ದು ಅಷ್ಟಕ್ಕಷ್ಟೇ. ಏನೂ ಆಗುತ್ತಿರಲಿಲ್ಲ, ಏನಾದರೂ ಆದೀತೆಂದು ಎಲ್ಲರಿಗೂ ಗೊತ್ತಿತ್ತು. ಕಾತರವೆಂದರೆ ಇದೇ. ಹಿಚ್‌ಕಾಕನ 'ಸೈಕೋ' (೧೯೬೦) ಚಿತ್ರದ ಸ್ನಾನದ ಮನೆಯ ಕೊಲೆಯನ್ನು ಜಗತ್ತೆಲ್ಲ ಹೊಗಳಿದೆ. ಅಲ್ಲಿ ಚೂರಿ ಮೈಗೆ ಇಳಿಯುವುದನ್ನು ನಾವು ಕಾಣುವುದಕ್ಕಿಂತ ಊಹಿಸುವುದೇ ಹೆಚ್ಚು. ಪಿಟೀಲುಗಳ ಚೀರಾಟವೇ ಅಲ್ಲಿಯ ಚೂರಿ. ಭರತನ ಪಟ್ಟಿಯ ಮೊದಲ ಮಾತು ಅಲ್ಲಿಯೂ ನಿಂತಿದೆ.

ಮೂರನೆಯದಾದ ಭಯಕ್ಕೆ ಉದಾಹರಣೆ ಬೇಕೆಂದರೆ ಕನ್ನಡನಾಡಿನ ಗೋಡೆಗಳನ್ನೇ ನೋಡಬಹುದು. 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದಿಟ್ಟ ಕಾಲ ಅನೇಕ ವಾಚಕರ ನೆನಪಿನಲ್ಲಿರಬೇಕು. ರಾತ್ರಿ ದೆವ್ವ ಬರುತ್ತದೆ, ಮನೆಯವರಲ್ಲಿ ಒಬ್ಬರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವನು ಉಳಿಯುವುದಿಲ್ಲ. ಬಾಗಿಲ ಮೇಲಿನ ಬರಹ ಓದಿ ಪಾಪ, ಆ ದೆವ್ವ ಹಿಂದಿರುಗುತ್ತದೆ, ಮಾರನೆಯ ದಿನ ಮತ್ತೆ ಓದುತ್ತದೆ! ಅಕ್ಷರಸ್ಥ ದೆವ್ವವನ್ನು ಕಲ್ಪಿಸಿದ ನಮ್ಮ ಜನರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಆದರೆ ಕತೆಯ ಮೊದಲರ್ಧ ಹಾಸ್ಯವಲ್ಲ. ತಾಯಿಯ ದನಿಯಲ್ಲಿ ಕರೆದದ್ದು ತಾಯಿಯಲ್ಲ ಎಂಬ ಕಲ್ಪನೆಗಿಂತ ಭಯಂಕರವಾದದ್ದು ಯಾವುದಿದೆ? ಈ ಕತೆಯ ಎಳೆಯನ್ನು ಹಿಂದಿಯವರು ಎತ್ತಿಕೊಂಡು, ಚಂದೇರಿ ಎಂಬ ಊರಿಗೆ ಒಗ್ಗಿಸಿ, ೨೦೧೮ರಲ್ಲಿ 'ಸ್ತ್ರೀ' ಎಂಬ ಚಿತ್ರ ಮಾಡಿ ಅಪಾರ ಹಣ ಗಳಿಸಿದರು. ನಮ್ಮ ಮನೆಯ ಬಾಗಿಲ ಬರಹ ಅವರ ಬೊಕ್ಕಸ ತುಂಬಿತು.

ಇನ್ನು ನನ್ನ ಆಯ್ಕೆಗೆ ಬರುತ್ತೇನೆ. ಒಟ್ಟು ಆರು ಚಿತ್ರಗಳು. ಆರನೆಯದರಿಂದ ಮೊದಲನೆಯದರ ಕಡೆಗೆ ಹೋಗುತ್ತೇನೆ. ಎಲ್ಲವೂ ಕನ್ನಡದವು. ಹೊರಗಿನವು ದೊಡ್ಡವಲ್ಲವೆಂದಲ್ಲ, ನಮ್ಮ ಹೆದರಿಕೆ ನಮ್ಮ ಮಾತಿನಲ್ಲಿ ಹೇಗೆ ನಡುಗುತ್ತದೆ ಎಂಬುದೇ ನನ್ನ ಆಸಕ್ತಿ.

ಆರನೆಯದು 'ನಾ ನಿನ್ನ ಬಿಡಲಾರೆ' (೧೯೭೯). ವಿಜಯ್ ನಿರ್ದೇಶಿಸಿದ ಈ ಚಿತ್ರವನ್ನು ನೆನೆದರೆ ಇಂದಿಗೂ ನಡುವಯಸ್ಸಿನವರು ಒಮ್ಮೆ ಹಿಂದಿರುಗಿ ನೋಡುತ್ತಾರೆ. ನಮ್ಮ ಕತೆಗಳಲ್ಲಿ ದೆವ್ವ ಮೆಟ್ಟುವುದು ಸಾಮಾನ್ಯವಾಗಿ ಹೆಂಗಸಿನ ಮೈಮೇಲೆ. ಇಲ್ಲಿ ಹೆಣ್ಣಿನ ಪ್ರೇತ ಗಂಡಸನ್ನು ಹಿಡಿಯುತ್ತದೆ. ಅನಂತನಾಗ್ ಅವರು ಬಣ್ಣ ಬಳಿದುಕೊಂಡು ಹೆದರಿಸುವುದಿಲ್ಲ; ನಡಿಗೆಯ ಒಂದು ಒನಪಿನಿಂದ, ಕಣ್ಣಿನ ಒಂದು ಓರೆನೋಟದಿಂದ ಹೆದರಿಸುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿಯಾಗಿ ಲಕ್ಷ್ಮೀ ಅವರ ಮುಖದಲ್ಲಿ, ಗಂಡ ಎದುರಿಗಿದ್ದೂ ಇಲ್ಲವೆಂಬ ಅರಿವು ಮೂಡುವ ಬಗೆಯೇ ಚಿತ್ರದ ಜೀವ. ರಾಘವಾಂಕನ ಸುಡುಗಾಡಿನ ಪ್ರಸಂಗ ಇಲ್ಲಿ ನಡುಮನೆಗೆ ಬಂದಿದೆ ಎನ್ನಬಹುದು. ಹಾಗಾದರೆ ಆರನೆಯ ಸ್ಥಾನವೇಕೆ? ಕೊನೆಗೆ ಚಿತ್ರ ಇಡೀ ಭಾರವನ್ನು ಗುರುರಾಯರ ಪಾದದ ಮೇಲಿಟ್ಟು ಕೈತೊಳೆದುಕೊಳ್ಳುತ್ತದೆ. ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಮಂತ್ರಾಲಯ ನಮ್ಮವರಿಗೂ ದೂರದ ಊರಲ್ಲ. ಆದರೆ ಕತೆಯೊಳಗೆ ಕಟ್ಟಿದ ಗಂಟನ್ನು ಕತೆಯೊಳಗೇ ಬಿಚ್ಚಬೇಕಲ್ಲವೆ? ಪವಾಡ ಬಂದೊಡನೆ ಭಯ ಹೋಗುತ್ತದೆ; ಅದರ ಜೊತೆಗೆ, ಆ ಹೆಂಡತಿ ಅನುಭವಿಸಿದ್ದರ ಅರ್ಥವೂ ಹೋಗುತ್ತದೆ.

ಐದನೆಯದು 'ಆಪ್ತಮಿತ್ರ' (೨೦೦೪). ಇದರ ಮೂಲ ೧೯೯೩ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್'. ಫಾಸಿಲ್ ನಿರ್ದೇಶಿಸಿದ ಆ ಮೂಲದಲ್ಲಿ ದೆವ್ವವೇ ಇಲ್ಲ. ಹಳೆಯ ಮನೆಯ ಮುಚ್ಚಿದ ಕೋಣೆಯನ್ನು ತೆರೆದ ಗೃಹಿಣಿಯೊಬ್ಬಳ ಮನಸ್ಸಿನಲ್ಲಿಯೇ ಹಿಂದೆಂದೋ ಅನ್ಯಾಯವಾಗಿ ಸತ್ತ ನರ್ತಕಿಯೊಬ್ಬಳು ಬೆಳೆಯುತ್ತಾಳೆ, ಅದು ಕಾಯಿಲೆ, ಅದಕ್ಕೆ ವೈದ್ಯನಿದ್ದಾನೆ. ಪಿ. ವಾಸು ಅವರ ಕನ್ನಡ ರೂಪದಲ್ಲಿ ಬಡಿದಾಟ ಬಂತು, ಭಾರಿ ಹಾವೊಂದು ಬಂತು, ಸಂದೇಹಕ್ಕೆ ಎಡೆಯಿಡಲೆಂದು ಅಲೌಕಿಕದ ಒಗ್ಗರಣೆಯೂ ಬಂತು. ಇದು ನಷ್ಟವೇ. ಆದರೂ ಸೌಂದರ್ಯ ಅವರ ಅಭಿನಯ ಎಲ್ಲ ನಷ್ಟವನ್ನೂ ತುಂಬಿಕೊಡುತ್ತದೆ. ೨೦೦೪ರ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ಆಕೆ ತೀರಿಕೊಂಡರು. ಚಿತ್ರ ತೆರೆ ಕಂಡದ್ದು ಅನಂತರ, ಆಗಸ್ಟ್‌ನಲ್ಲಿ. ಸತ್ತ ನರ್ತಕಿಯ ಪಾತ್ರವನ್ನು ಆವಾಹಿಸಿಕೊಂಡ ನಟಿಯೇ ಈಗಿಲ್ಲ ಎಂದು ತಿಳಿದು ನೋಡಿದ ಪ್ರೇಕ್ಷಕರ ಮೈಯಲ್ಲಿ ಎದ್ದ ಮುಳ್ಳು ನಿರ್ದೇಶಕನು ಎಬ್ಬಿಸಿದ್ದಲ್ಲ.

ಈ ಚಿತ್ರದಲ್ಲಿ ಭಾಷೆಯ ಒಂದು ಸೂಕ್ಷ್ಮವಿದೆ. ಗಂಗಾ ನಾಗವಲ್ಲಿಯಾದಾಗ ತೆಲುಗಿನಲ್ಲಿ ಮಾತಾಡುತ್ತಾಳೆ, ಹಾಡುತ್ತಾಳೆ. ಮೈಸೂರಿನ ಪ್ರೇಕ್ಷಕನಿಗೆ ಆ ದನಿ ಪರಕೀಯವೆನಿಸಬಹುದು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಅಡುಗೆಮನೆಯ ಮಾತು. ಹೊಸಪೇಟೆಯ ಸಂತೆಯಲ್ಲಿಯೂ ದಿನಾ ಕಿವಿಗೆ ಬೀಳುವ ಮಾತು. ಕಂಪ್ಲಿಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: 'ಅವಳು ತೆಲುಗು ಮಾತಾಡಿದ್ದಕ್ಕೆ ನಮಗೆ ಹೆದರಿಕೆ ಆಗಲಿಲ್ಲ. ಕನ್ನಡದ ಗಂಡನ ಎದುರು ಅವಳು ತೆಲುಗು ಮಾತಾಡಿದಾಗ, ಆ ಗಂಡನ ಮುಖ ನೋಡಿ ಹೆದರಿಕೆ ಆಯಿತು.' ಎಷ್ಟು ಸರಿಯಾದ ವಿಮರ್ಶೆ! ಭಯ ಇರುವುದು ಪರಭಾಷೆಯಲ್ಲಲ್ಲ. ನಿನ್ನೆಯವರೆಗೆ ಒಂದೇ ಮಾತಿನಲ್ಲಿ ಬದುಕಿದ್ದ ಇಬ್ಬರ ನಡುವೆ ಇದ್ದಕ್ಕಿದ್ದಂತೆ ಎದ್ದ ಗೋಡೆಯಲ್ಲಿ.

ನಾಲ್ಕನೆಯದು ದೆವ್ವದ ಚಿತ್ರವಲ್ಲ, ಕಾತರದ ಚಿತ್ರ: 'ತರ್ಕ' (೧೯೮೯). ಸುನಿಲ್ ಕುಮಾರ್ ದೇಸಾಯಿಯವರ ಮೊದಲ ನಿರ್ದೇಶನ. ಶಂಕರನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದಾರೆ. ಒಂದು ಮನೆ, ಒಂದು ಸಾವು, ಹೊರಗಿನಿಂದ ಬಂದ ಒಬ್ಬ ಮನುಷ್ಯ. ಇಷ್ಟೇ ಬಂಡವಾಳ. ದೇಸಾಯಿಯವರು ಮಾಡಿದ ಸಾಹಸವೆಂದರೆ ಚಿತ್ರದಲ್ಲಿ ಹಾಡುಗಳನ್ನೇ ಇಡದಿದ್ದುದು. ನಮ್ಮ ಪ್ರೇಕ್ಷಕನಿಗೆ ಹಾಡು ಬರಿಯ ರಂಜನೆಯಲ್ಲ, ಅಭಯಹಸ್ತ. ಎಂಥ ಭೀಕರ ಸನ್ನಿವೇಶದಲ್ಲಿಯೂ, 'ಇನ್ನು ಐದು ನಿಮಿಷಕ್ಕೆ ಹಾಡು ಬರುತ್ತದೆ, ಎದ್ದು ಹೋಗಿ ಬೀಡಿ ಸೇದಿ ಬರಬಹುದು' ಎಂಬ ಧೈರ್ಯ ಅವನಿಗಿರುತ್ತದೆ. ಆ ಬಾಗಿಲನ್ನು ಮುಚ್ಚಿದೊಡನೆ ಟಾಕೀಸಿನೊಳಗಿನ ಗಾಳಿಯೇ ಬಿಗಿಯಾಗುತ್ತದೆ. ದೇಸಾಯಿಯವರು ೧೯೯೩ರ 'ನಿಷ್ಕರ್ಷ'ದಲ್ಲಿ ಎತ್ತರದ ಕಟ್ಟಡವೊಂದರಲ್ಲಿ ನಡೆಯುವ ಬ್ಯಾಂಕ್ ದರೋಡೆಯನ್ನೂ ಹೀಗೆ ಹಾಡಿಲ್ಲದೆ ನಡೆಸಿ ಗೆದ್ದರು. 'ನಿಷ್ಕರ್ಷ' ಹೆಚ್ಚು ಚುರುಕಾದದ್ದು. 'ತರ್ಕ' ಹೆಚ್ಚು ಕತ್ತಲೆಯದು. ಅಪರಿಚಿತನು ಅಪಾಯವೆಂದು ನಾವು ಮೊದಲು ಭಾವಿಸುತ್ತೇವೆ. ಅಪಾಯ ಮನೆಯೊಳಗೇ ಇದ್ದಿರಬಹುದಲ್ಲ ಎಂಬ ಅನುಮಾನ ನಿಧಾನವಾಗಿ ನಮ್ಮೊಳಗೆ ಇಳಿಯುತ್ತದೆ.

ಮೂರನೆಯದು ಪವನ್ ಕುಮಾರ್ ಅವರ 'ಯು ಟರ್ನ್' (೨೦೧೬). ಬೆಂಗಳೂರಿನ ಡಬಲ್ ರೋಡಿನ ಮೇಲ್ಸೇತುವೆಯಲ್ಲಿ ರಸ್ತೆಯ ನಡುವೆ ಅಡ್ಡಲಾಗಿಟ್ಟ ಕಲ್ಲುಗಳನ್ನು ಸರಿಸಿ, ಅಡ್ಡದಾರಿಯಲ್ಲಿ ವಾಹನ ತಿರುಗಿಸಿಕೊಂಡು ಹೋಗುವವರ ಕತೆ ಇದು. ಕಲ್ಲನ್ನು ಮತ್ತೆ ಮೊದಲಿದ್ದಲ್ಲಿ ಇಡುವಷ್ಟು ವ್ಯವಧಾನ ಅವರಿಗಿಲ್ಲ. ಹಾಗೆ ಕಲ್ಲು ಸರಿಸಿದವರು ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಶ್ರದ್ಧಾ ಶ್ರೀನಾಥ್ ಅಭಿನಯಿಸಿದ ಎಳೆಯ ಪತ್ರಕರ್ತೆ ಇದರ ಬೆನ್ನು ಹತ್ತುತ್ತಾಳೆ. ನಮ್ಮ ಪುರಾಣಗಳಲ್ಲಿ ಶಾಪಕ್ಕೆ ದೊಡ್ಡ ಪಾಪ ಬೇಕು: ಬ್ರಹ್ಮಹತ್ಯೆಯೋ ಪರದ್ರೋಹವೋ. ಇಲ್ಲಿ ಪಾಪ ಎರಡು ನಿಮಿಷ ಉಳಿಸುವ ಆತುರ. ತೆರೆಯ ಮೇಲಿನ ಪಾಪಿಯನ್ನು ನೋಡಿ 'ಅವನು ನಾನಲ್ಲ' ಎನ್ನಲು ನಮಗೆ ಧೈರ್ಯ ಸಾಲದು; ಹೊರಗೆ ನಿಲ್ಲಿಸಿ ಬಂದ ನಮ್ಮ ಸ್ಕೂಟರು ಸಾಕ್ಷಿ ಹೇಳುತ್ತದೆ. ಸಂಡೂರಿನ ಹುಡುಗರು ಈ ಚಿತ್ರವನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಬೆಳೆದವರು ಅವರು. ಕೆಂಪು ಧೂಳಿನ ನಡುವೆ ಎದುರಿಗೆ ಬರುವ ದೀಪ ಎರಡೋ ಒಂದೋ ಎಂದು ನೋಡುತ್ತ ಬೈಕು ಓಡಿಸಿದವರಿಗೆ ದೆವ್ವಕ್ಕಿಂತ ರಸ್ತೆಯೇ ಹೆಚ್ಚು ಪರಿಚಿತವಾದ ಭಯ.

ಎರಡನೆಯದು 'ಆ ಕರಾಳ ರಾತ್ರಿ' (೨೦೧೮). ಮೋಹನ್ ಹಬ್ಬು ಅವರ ನಾಟಕವನ್ನು ಆಧರಿಸಿ ದಯಾಳ್ ಪದ್ಮನಾಭನ್ ನಿರ್ದೇಶಿಸಿದ್ದಾರೆ. ಬಡತನದಲ್ಲಿ ನವೆದ ತಂದೆ, ತಾಯಿ, ಮದುವೆಯಾಗದೆ ಉಳಿದ ಮಗಳು. ಒಂದು ಸಂಜೆ ಕೈಪೆಟ್ಟಿಗೆ ಹಿಡಿದ ಪರಸ್ಥಳದವನೊಬ್ಬ ರಾತ್ರಿ ತಂಗಲು ಜಾಗ ಕೇಳುತ್ತಾನೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ಮನೆಯವರಿಗೆ ತಿಳಿಯುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ. 'ಸೈಕೋ' ಬಿಡುಗಡೆಯಾದಾಗ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ಕಟ್ಟಪ್ಪಣೆ ಮಾಡಿದ್ದನಂತೆ, ಅಷ್ಟು ಗೌರವ ಈ ಚಿತ್ರಕ್ಕೂ ಸಲ್ಲಬೇಕು. ಇಷ್ಟನ್ನು ಮಾತ್ರ ಹೇಳಬಹುದು: ಇದರಲ್ಲಿ ದೆವ್ವವಿಲ್ಲ, ಹುಚ್ಚನಿಲ್ಲ, ಖಳನಾಯಕನೂ ಇಲ್ಲ. ರಂಗಾಯಣ ರಘು, ವೀಣಾ ಸುಂದರ್, ಅನುಪಮಾ ಗೌಡ ಮೂವರೂ ನಮ್ಮ ಪಕ್ಕದ ಮನೆಯವರಂತೆ ಇದ್ದಾರೆ. ಅತಿಥಿಗೆ ಎಲೆ ಹಾಕಿ ಬಡಿಸುವ ಕೈ ಒಳಗೊಳಗೇ ಏನನ್ನು ತೂಗಿ ನೋಡುತ್ತಿದೆ ಎಂದು ಗೊತ್ತಾದ ಕ್ಷಣದಿಂದ, ಆ ಮನೆಯ ಲಾಟೀನಿನ ಬೆಳಕೂ ಕತ್ತಲೆಯಾಗುತ್ತದೆ. ಅತಿಥಿ ದೇವರೆಂದು ಹೇಳಿಕೊಂಡು ಬಂದ ನಮ್ಮನ್ನು ಈ ಚಿತ್ರ ಮೆತ್ತಗೆ ಕೇಳುತ್ತದೆ: ಹಸಿವು ಎಷ್ಟು ದಿನದ್ದಾದರೆ ದೇವರು ಬೇಟೆಯಾಗುತ್ತಾನೆ?

ಮೊದಲನೆಯದು ಗಿರೀಶ ಕಾರ್ನಾಡರ 'ಕಾಡು' (೧೯೭೩). ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಇದರ ಮೂಲ. ಇದನ್ನು ಯಾರೂ ಭಯಾನಕ ಚಿತ್ರವೆಂದು ಕರೆದದ್ದಿಲ್ಲ. ಪ್ರಶಸ್ತಿ ಪಡೆದ ಕಲಾತ್ಮಕ ಚಿತ್ರವೆಂದು ಗೌರವದಿಂದ ದೂರವಿಟ್ಟಿದ್ದೇವೆ. ನಾನು ಹಟ ಹಿಡಿದು ಇದನ್ನೇ ಮೊದಲ ಸ್ಥಾನದಲ್ಲಿ ಕೂರಿಸುತ್ತೇನೆ. ಕಿಟ್ಟಿ ಎಂಬ ಹುಡುಗ ಹಳ್ಳಿಯ ಬಂಧುಗಳ ಮನೆಗೆ ಬಂದಿದ್ದಾನೆ. ಮನೆಯ ಯಜಮಾನನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬಳ ಸಂಬಂಧ. ಮನೆಯೊಡತಿ ಕಮಲಿ ಗಂಡನನ್ನು ಹಿಂದಕ್ಕೆ ಪಡೆಯಲು ಮಾಟದ ಮೊರೆ ಹೋಗುತ್ತಾಳೆ. ಎರಡು ಊರುಗಳ ನಡುವೆ ಹಗೆ ಬೆಳೆಯುತ್ತದೆ. ಇದೆಲ್ಲವನ್ನೂ ನಾವು ಅರ್ಧ ತಿಳಿದ, ಅರ್ಧ ತಿಳಿಯದ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಊರಾಚೆಯ ಕಾಡಿನಲ್ಲಿ ಒಂದು ಹಕ್ಕಿಯಿದೆಯಂತೆ. ಅದು ಮನುಷ್ಯನನ್ನು ಹೆಸರು ಹಿಡಿದು ಕರೆದು ಕೊಲ್ಲುತ್ತದೆಯಂತೆ. 'ನಾಳೆ ಬಾ' ಎಂದು ಬರೆಸಿದ ಭಯವೇ ಇಲ್ಲಿ ರೆಕ್ಕೆ ಕಟ್ಟಿಕೊಂಡಿದೆ.

ಕಾರ್ನಾಡರು ಆ ಹಕ್ಕಿಯನ್ನು ಚಿತ್ರದ ತುಂಬ ಹಾರಿಸಿ ಹೆದರಿಸಲು ಹೋಗಲಿಲ್ಲ. ಗೋವಿಂದ ನಿಹಲಾನಿಯವರ ಕ್ಯಾಮೆರಾ ಮರಗಳ ನಡುವಿನ ನೆರಳನ್ನು ತೋರಿಸಿ ಸುಮ್ಮನಾಗುತ್ತದೆ. ಉಳಿದದ್ದನ್ನು ಕಾಡಿನ ಸದ್ದು ನೋಡಿಕೊಳ್ಳುತ್ತದೆ. ಕಮಲಿಯಾಗಿ ನಂದಿನಿ ಭಕ್ತವತ್ಸಲ, ಕಿಟ್ಟಿಯಾಗಿ ಬಾಲನಟ ಜಿ. ಎಸ್. ನಟರಾಜ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಹುಡುಗ ಹಕ್ಕಿಗೆ ಹೆದರುತ್ತಾನೆ. ಆದರೆ ಚಿತ್ರದಲ್ಲಿ ಕೊಲ್ಲುವವರು, ಸುಡುವವರು, ಬಡಿಯುವವರು ಎಲ್ಲರೂ ಮನುಷ್ಯರೇ, ಅದೂ ಅವನನ್ನು ಹೆಸರು ಹಿಡಿದು ಅಕ್ಕರೆಯಿಂದ ಕರೆಯುವ ಮನುಷ್ಯರು. ಕೊನೆಗೆ ಅವನು ಹಕ್ಕಿಯ ಕರೆಗೆ ಓಗೊಟ್ಟು ಕಾಡಿನೊಳಕ್ಕೆ ನಡೆದುಬಿಡುತ್ತಾನೆ. ಊರಿಗಿಂತ ಕಾಡೇ ವಾಸಿಯೆಂದು ಒಂದು ಮಗು ತೀರ್ಮಾನಿಸಿದರೆ ದೊಡ್ಡವರಾದ ನಾವು ಯಾರ ಮುಖ ನೋಡಬೇಕು? ಐವತ್ತು ವರ್ಷಗಳ ಮೇಲೂ ಇದಕ್ಕಿಂತ ಭಯಂಕರವಾದ ಕೊನೆಯನ್ನು ಕನ್ನಡ ಚಿತ್ರದಲ್ಲಿ ನಾನು ಕಂಡಿಲ್ಲ.

ಬಿಟ್ಟುಹೋದ ಹೆಸರುಗಳ ಬಗ್ಗೆ ಎರಡು ಮಾತು. ಕಾಶೀನಾಥರ 'ಅಪರಿಚಿತ' (೧೯೭೮), ಉಪೇಂದ್ರರ 'ಶ್' (೧೯೯೩) ಇವುಗಳ ಅಭಿಮಾನಿಗಳು ನನ್ನ ಮೇಲೆ ಮುನಿಯಬಹುದು. ಎರಡೂ ಜಾಣ ಚಿತ್ರಗಳು, ಗಂಟು ಬಿಚ್ಚಿದ ಮೇಲೆ ಮಾತ್ರ ಎರಡನೆಯ ಸಲ ನೋಡಲು ಅಷ್ಟು ಉಳಿಯುವುದಿಲ್ಲ. 'ರಂಗಿತರಂಗ' (೨೦೧೫), 'ಕಾಂತಾರ' (೨೦೨೨) ಚಿತ್ರಗಳನ್ನು ಬಿಟ್ಟ ಕಾರಣವೇ ಬೇರೆ. ಕರಾವಳಿಯವರ ಭೂತ ನಮ್ಮ ಕಡೆಯ ದೆವ್ವವಲ್ಲ. ಅದು ಕೋಲ ಕಟ್ಟಿ ಪೂಜೆಗೊಳ್ಳುವ, ನ್ಯಾಯ ಹೇಳುವ ದೈವ. ಅದರ ಎದುರು ಹುಟ್ಟುವುದು ಭಯವಲ್ಲ, ಭಯಭಕ್ತಿ. ಒಂದೇ ಮಾತಿಗೆ ಘಟ್ಟದ ಮೇಲೊಂದು ಕೆಳಗೊಂದು ಅರ್ಥವಿರುವುದನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾದೀತು. ಇನ್ನು ದೆವ್ವವೂ ಹಾಸ್ಯಗಾರನೂ ಕೈಕೈ ಹಿಡಿದು ಕುಣಿಯುವ ಈಚಿನ ಚಿತ್ರಗಳಿವೆಯಲ್ಲ, ಅವು ಉಪ್ಪಿನಕಾಯಿಗೆ ಸಕ್ಕರೆ ಹಾಕಿದಂತೆ. ತಿನ್ನುವವರು ತಿನ್ನಲಿ.

ಆದರೆ ಇಂಥ ಚಿತ್ರಗಳನ್ನು ಕುರಿತು ನನಗಿರುವ ಆಕ್ಷೇಪ ರುಚಿಯದು ಮಾತ್ರವಲ್ಲ. ಇವುಗಳಲ್ಲಿ ದೆವ್ವ ಯಾವಾಗಲೂ ಹೆಣ್ಣೇ ಏಕೆ? ಬಿಳಿ ಸೀರೆ, ಬಿಚ್ಚಿದ ಕೂದಲು, ತೀರದ ಆಸೆ. ಆಕೆಗೆ ಅನ್ಯಾಯವಾಗಿರುತ್ತದೆ; ಚಿತ್ರ ಐದು ನಿಮಿಷ ಮರುಗುತ್ತದೆ; ಆಮೇಲೆ ನಾಯಕನು ಮಂತ್ರವಾದಿಯೊಡನೆ ಸೇರಿ ಆಕೆಯನ್ನು ಓಡಿಸುತ್ತಾನೆ; ನಾವು ಚಪ್ಪಾಳೆ ತಟ್ಟುತ್ತೇವೆ. ಅನ್ಯಾಯ ಮಾಡಿದವನ ಭಯ ನಮಗೆ ಹತ್ತುವುದಿಲ್ಲ. ಅನ್ಯಾಯಕ್ಕೊಳಗಾದವಳ ಭಯ ಹತ್ತುತ್ತದೆ. ತೆರೆಯ ಮೇಲಿನ ಈ ಪಾಠ ತೆರೆಯ ಮೇಲೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ದಿನ 'ಗಾಳಿ ಸೋಕಿದೆ' ಎಂದು ಸೊಸೆಯನ್ನೋ ಮಗಳನ್ನೋ ಕೂರಿಸಿ ಬೇವಿನ ಬರಲಿನಿಂದ ಬಡಿಯುವುದನ್ನು ಕಂಡವರು, ಕೇಳಿದವರು ನನ್ನ ತರಗತಿಯಲ್ಲಿಯೇ ಇದ್ದಾರೆ. ಆ ಹೆಣ್ಣುಮಗಳು ಊಟ ಬಿಟ್ಟಿರಬಹುದು, ಮಾತು ಬಿಟ್ಟಿರಬಹುದು, ಒಬ್ಬಳೇ ಅಳುತ್ತಿರಬಹುದು. ಆಕೆಯ ದನಿ ಬದಲಾಗಿದೆ ಎಂಬುದಷ್ಟೇ ಮನೆಯವರಿಗೆ ಕೇಳಿಸುತ್ತದೆ. ಏಕೆ ಬದಲಾಯಿತು ಎಂದು ಕೇಳುವ ಬದಲು ಯಾರು ಹೊಕ್ಕರು ಎಂದು ಕೇಳುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧವೆಂದು ಸಾರುವ ಕಾಯಿದೆಯನ್ನು ಕರ್ನಾಟಕದ ಶಾಸನಸಭೆ ೨೦೧೭ರಲ್ಲಿ ಅಂಗೀಕರಿಸಿತು. ೨೦೨೦ರಲ್ಲಿ ಅದು ಜಾರಿಗೆ ಬಂತು. ಕಾಯಿದೆ ಬರಲನ್ನು ಕಿತ್ತುಕೊಳ್ಳಬಲ್ಲದು. ಬರಲು ಹಿಡಿಸಿದ ಭಯವನ್ನು ಕಿತ್ತುಹಾಕುವ ಕೆಲಸ ಕತೆ ಹೇಳುವವರದು.

ನನ್ನ ಆಯ್ಕೆಯ ಆರು ಚಿತ್ರಗಳು ಆ ಕೆಲಸವನ್ನು ಹೆಚ್ಚು ಕಡಿಮೆ ಮಾಡಿವೆ ಎಂಬುದರಿಂದಲೇ ಅವು ನನಗೆ ದೊಡ್ಡವು. ಆರರಿಂದ ಒಂದರತ್ತ ಬರುತ್ತಿದ್ದಂತೆ ಭಯ ಪ್ರೇತದಿಂದ ಕಾಯಿಲೆಗೆ, ಕಾಯಿಲೆಯಿಂದ ಸಂಶಯಕ್ಕೆ, ಅಲ್ಲಿಂದ ನಮ್ಮ ಆತುರಕ್ಕೆ, ನಮ್ಮ ಹಸಿವಿಗೆ, ಕೊನೆಗೆ ನಮ್ಮ ಊರಿಗೇ ಬಂದು ನಿಲ್ಲುತ್ತದೆ. ಒಳ್ಳೆಯ ಭಯಾನಕ ಚಿತ್ರ ನಮ್ಮ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟಲು ಬಿಡುವುದಿಲ್ಲ. ಅದನ್ನು ನಮ್ಮ ಮನೆಗೇ ಹೊರಿಸಿ ಕಳಿಸುತ್ತದೆ.

ಜನ್ನನ ಕಾವ್ಯವನ್ನು ಮತ್ತೊಮ್ಮೆ ನೆನೆಯೋಣ. ಚಂಡಮಾರಿಯ ಗುಡಿಗೆ ಬಲಿಗೆಂದು ತಂದ ಆ ಇಬ್ಬರು ಎಳೆಯರ ಹೆಸರು ಅಭಯರುಚಿ, ಅಭಯಮತಿ. ಕತ್ತಿಯ ಎದುರು ನಿಂತು ಅವರು ನಡುಗಲಿಲ್ಲ. ಕತ್ತಿ ಹಿಡಿದ ಮಾರಿದತ್ತ ರಾಜನೇ ಅವರ ಕತೆ ಕೇಳಿ ನಡುಗಿದ, ಹಿಂಸೆಯನ್ನು ಬಿಟ್ಟ. ಭಯವನ್ನು ಹುಟ್ಟಿಸಬೇಕಾದದ್ದು ಬಲಿಯಾಗುವವರಲ್ಲಲ್ಲ, ಬಲಿ ಕೊಡುವವರಲ್ಲಿ ಎಂದು ಆ ಕವಿ ಎಂಟು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ. ನಮ್ಮ ಚಿತ್ರ ನಿರ್ಮಾಪಕರು ಹೊಸ ದೆವ್ವವನ್ನು ಹುಡುಕುವ ಮೊದಲು ಈ ಹಳೆಯ ಗುಡಿಯ ಬಾಗಿಲಿಗೆ ಒಮ್ಮೆ ಹೋಗಿಬರಲಿ. ವಾಚಕರೂ ತಮ್ಮ ತಮ್ಮ ಪಟ್ಟಿಗಳನ್ನು ಮಾಡಿಕೊಳ್ಳಲಿ, ನನ್ನದನ್ನು ಒಪ್ಪಲೇಬೇಕೆಂದಿಲ್ಲ. ಪ್ರತಿಯೊಂದು ಹೆಸರಿನ ಮುಂದೆ 'ಈ ಚಿತ್ರ ನನ್ನನ್ನು ಯಾರಿಗೆ ಹೆದರಿಸಿತು?' ಎಂಬ ಒಂದು ಪ್ರಶ್ನೆಯನ್ನು ಮಾತ್ರ ಬರೆದು, ಉತ್ತರವನ್ನು ತುಂಬಲಿ.